ದುಃಖವನ್ನು ಜೊತೆಗೆ ಕರೆದುಕೊಂಡು ರಿಟ್ರೀಟ್‌ಗೆ: ಹೊರಡುವ ಮುಂಚಿನಿಂದ ಮನೆಗೆ ಮರಳುವವರೆಗೆ

ಆಪ್ತರು ತೀರಿಕೊಂಡ ಮೇಲೆ ‘ಎಲ್ಲಾದರೂ ರಿಟ್ರೀಟ್‌ಗೆ ಹೋಗಿ ಬಾ, ಮನಸ್ಸು ಹಗುರ ಆಗುತ್ತೆ’ ಅನ್ನುವವರು ಒಬ್ಬರಾದರೂ ಸಿಕ್ಕೇ ಸಿಗುತ್ತಾರೆ. ರಿಟ್ರೀಟ್ ಅಂದರೆ ಮನೆ ಬಿಟ್ಟು ಕೆಲವು ದಿನ ಕ್ರೈಸ್ತ ಪ್ರಾರ್ಥನಾ ಕೇಂದ್ರದಲ್ಲೋ ಮಠದಲ್ಲೋ ಪ್ರಾರ್ಥನೆ, ಮೌನದಲ್ಲಿ ಕಳೆಯುವುದು. ಅವರ ಮಾತು ಅರ್ಧ ಸರಿ. ಹಗುರ ಆಗುವುದುಂಟು, ಆದರೆ ಅದಕ್ಕೂ ಮುಂಚೆ ಭಾರ ಎಷ್ಟಿದೆ ಅನ್ನುವುದು ಗೊತ್ತಾಗುತ್ತದೆ. ಮನೆಯಲ್ಲಿ ಕೆಲಸ, ಫೋನು, ಬಂದುಹೋಗುವವರ ಮಾತು ಎಲ್ಲ ಸೇರಿ ದುಃಖದ ಮೇಲೊಂದು ಮುಚ್ಚಳ ಇಟ್ಟಿರುತ್ತವೆ. ರಿಟ್ರೀಟ್‌ನಲ್ಲಿ ಆ ಮುಚ್ಚಳ ತೆಗೆಯುವವರು ನೀವೇ. ಇದು ಗೊತ್ತಿಲ್ಲದೆ ಹೋದವರು ಎರಡನೇ ದಿನ ಮಧ್ಯಾಹ್ನ ‘ಬಂದು ಇನ್ನೂ ಕೆಟ್ಟೆ’ ಅಂದುಕೊಂಡು ಚೀಲ ಕಟ್ಟುತ್ತಾರೆ.

ಇನ್ನೊಂದು ವಿಷಯವನ್ನೂ ಮೊದಲೇ ಬಿಡಿಸಿಡಬೇಕು. ‘ದುಃಖವನ್ನು ಬಿಟ್ಟುಕೊಡುವುದು’ ಅಂದಾಗ ತೀರಿಕೊಂಡವರನ್ನೇ ಬಿಟ್ಟುಬಿಡಬೇಕೇನೋ ಎಂಬ ಭಯ ಬಹಳ ಜನಕ್ಕೆ ಹುಟ್ಟುತ್ತದೆ. ಆ ಭಯಕ್ಕೇ ದುಃಖವನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ಪ್ರೀತಿಯನ್ನು ಯಾರೂ ಬಿಡಬೇಕಾಗಿಲ್ಲ. ಮುಗಿಯದೆ ಉಳಿದ ಜಗಳ, ‘ಒಂದು ದಿನ ಮುಂಚೆ ಆಸ್ಪತ್ರೆಗೆ ಸೇರಿಸಿದ್ದರೆ’ ಅನ್ನುವ ಹಳಹಳಿ, ಡಾಕ್ಟರ ಮೇಲಿನ ಸಿಟ್ಟು, ಜೊತೆಯಾಗಿ ಕಳೆಯಬೇಕೆಂದಿದ್ದ ವರ್ಷಗಳ ಲೆಕ್ಕ: ಬಿಡುವುದಕ್ಕೆ ಇಷ್ಟೇ ಬೇಕಾದಷ್ಟಾಯಿತು. ಯೋಹಾನನ ಸುವಾರ್ತೆಯ 20ನೇ ಅಧ್ಯಾಯದಲ್ಲಿ, ಸಮಾಧಿಯ ಬಳಿ ಅಳುತ್ತ ನಿಂತ ಶಿಷ್ಯೆ ಮಗ್ದಲದ ಮರಿಯಳನ್ನು ಯೇಸು ಮೊದಲು ಹೆಸರು ಹಿಡಿದು ಕರೆಯುತ್ತಾರೆ. ‘ನನ್ನನ್ನು ಹಿಡಿದುಕೊಳ್ಳಬೇಡ’ ಅನ್ನುವುದು ಆಮೇಲೆ. ರಿಟ್ರೀಟ್‌ಗೂ ಇದೇ ಕ್ರಮ ಒಳ್ಳೆಯದು.

ಯಾವಾಗ ಹೋಗುವುದು, ಯಾವಾಗ ಬೇಡ

ಮೊದಲ ನಾಲ್ಕೈದು ವಾರ ದೂರದ ಮೌನದ ರಿಟ್ರೀಟ್ ಬೇಡ. ಆಗ ದೇಹ ಮರಗಟ್ಟಿರುತ್ತದೆ, ಕಾಗದಪತ್ರದ ಓಡಾಟ ಮುಗಿದಿರುವುದಿಲ್ಲ, ಪಕ್ಕದಲ್ಲಿ ಜನ ಇರಬೇಕಾಗುತ್ತದೆ. ಬೈಬಲ್ಲಿನಲ್ಲೂ ಯೋಸೇಫ ತಂದೆಗಾಗಿ ಏಳು ದಿನ, ಇಸ್ರಾಯೇಲರು ಮೋಶೆಗಾಗಿ 30 ದಿನ ಗೋಳಾಡಿದ್ದು ಊರಮಂದಿಯ ನಡುವೆ. ತೀರಾ ಬೇಕೆನಿಸಿದರೆ ಬೆಳಗ್ಗೆ ಹೋಗಿ ಸಂಜೆ ಬರುವ ಒಂದು ದಿನದ ಏಕಾಂತ ಸಾಕು. ಎರಡು ಮೂರು ತಿಂಗಳು ಕಳೆದ ಮೇಲೆ ಮೂರು ರಾತ್ರಿಯ ರಿಟ್ರೀಟ್ ಹೆಚ್ಚಿನವರಿಗೆ ಹದವಾಗಿ ಕೂರುತ್ತದೆ. ಎಂಟು ದಿನದ ಪೂರ್ತಿ ಮೌನಕ್ಕೆ ಸುಮಾರು ಒಂದು ವರ್ಷ ಕಾಯಿರಿ. ಹಿಂದೆ ಚಿಕ್ಕ ರಿಟ್ರೀಟ್ ಮಾಡಿ ಅಭ್ಯಾಸ ಇಲ್ಲದಿದ್ದರೆ ಆಗಲೂ ಅದಕ್ಕೆ ಕೈಹಾಕಬೇಡಿ. ಮೊದಲ ವರ್ಷದ ಪುಣ್ಯಸ್ಮರಣೆಯ ದಿನವನ್ನು ರಿಟ್ರೀಟ್‌ನಲ್ಲೇ ಕಳೆಯುವ ಆಸೆ ಇದ್ದರೆ ಹಿಂದಿನ ದಿನವೇ ಅಲ್ಲಿ ಇರಿ, ಮರುದಿನ ಹೊರಡಿ. ಅದೇ ದಿನ ಪ್ರಯಾಣ ಇಟ್ಟುಕೊಂಡವರಿಗೆ ಆ ದಿನ ಬಸ್ಸಿನಲ್ಲೇ ಕಳೆದುಹೋಗುತ್ತದೆ.

ಕೆಲವರು ಮೊದಲು ಡಾಕ್ಟರ ಹತ್ತಿರ ಹೋಗಬೇಕು, ರಿಟ್ರೀಟ್ ಆಮೇಲೆ. ಸಾಯಬೇಕು ಅನ್ನುವ ಯೋಚನೆ ಮತ್ತೆ ಮತ್ತೆ ಬರುತ್ತಿದ್ದರೆ, ಹಲವು ರಾತ್ರಿಗಳಿಂದ ನಿದ್ರೆಯೇ ಇಲ್ಲದಿದ್ದರೆ, ಕುಡಿತ ಹೆಚ್ಚಿದ್ದರೆ, ಅಪಘಾತವನ್ನೋ ಹಿಂಸೆಯನ್ನೋ ಕಣ್ಣಾರೆ ಕಂಡು ಆ ದೃಶ್ಯ ಹಗಲಲ್ಲೂ ಎದ್ದುಬರುತ್ತಿದ್ದರೆ, ಮೌನ ನಿಮ್ಮನ್ನು ಅದರ ಜೊತೆ ಒಂಟಿಯಾಗಿ ಕೂಡಿಹಾಕುತ್ತದೆ. ತಿಂಗಳುಗಟ್ಟಲೆ ಕಳೆದರೂ ದಿನನಿತ್ಯದ ಕೆಲಸವೇ ಸಾಗದಷ್ಟು ತೀವ್ರವಾದ ದುಃಖಕ್ಕೆ ವೈದ್ಯಶಾಸ್ತ್ರದಲ್ಲಿ ಈಗ ಪ್ರತ್ಯೇಕ ಹೆಸರೇ ಇದೆ: ದೀರ್ಘಕಾಲದ ಶೋಕದ ತೊಂದರೆ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿ ಅದಕ್ಕೆ ಆರು ತಿಂಗಳ ಗಡಿ ಹಾಕಿದರೆ, ಅಮೆರಿಕದ ಮನೋವೈದ್ಯರ 2022ರ ಕೈಪಿಡಿ ದೊಡ್ಡವರಿಗೆ 12 ತಿಂಗಳು ಎನ್ನುತ್ತದೆ. ಅದಕ್ಕೆ ಚಿಕಿತ್ಸೆ ತೆಗೆದುಕೊಂಡರೆ ವಿಶ್ವಾಸ ಕಡಿಮೆಯಾಯಿತು ಅಂತಲ್ಲ. ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುವವರು ‘ಉಪವಾಸ, ಪ್ರಾರ್ಥನೆ ಇದೆಯಲ್ಲ’ ಎಂದು ಅದನ್ನು ಬಿಟ್ಟು ಹೋಗಲೇಕೂಡದು.

ಯಾವ ಬಗೆಯ ರಿಟ್ರೀಟ್

ಧ್ಯಾನಕೂಟಗಳಲ್ಲಿ ನೂರಾರು ಜನ ಕೂಡುತ್ತಾರೆ. ಪ್ರವಚನ, ಹಾಡು, ಸೌಖ್ಯಪ್ರಾರ್ಥನೆ ದಿನವಿಡೀ ನಡೆಯುತ್ತದೆ. ಒಂಟಿತನ ಕಾಡುವವರಿಗೆ ಆ ಗುಂಪೇ ಆಸರೆ. ಹೊಸದಾಗಿ ಆಪ್ತರನ್ನು ಕಳೆದುಕೊಂಡವರಿಗೆ ಮಾತ್ರ ಅಲ್ಲಿನ ಸದ್ದು ಜಾಸ್ತಿಯಾಗುವುದುಂಟು. ‘ಇನ್ನು ಅಳಬಾರದು, ಜಯ ಸಿಕ್ಕಿತು’ ಎಂದು ವೇದಿಕೆಯಿಂದ ಕೂಗಿ ಹೇಳಿದಾಗ ಅಳು ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ.

ಮಾರ್ಗದರ್ಶಿತ ರಿಟ್ರೀಟ್‌ನಲ್ಲಿ ನೀವು ಮೌನವಾಗಿದ್ದು, ದಿನಕ್ಕೊಮ್ಮೆ 30ರಿಂದ 45 ನಿಮಿಷ ಒಬ್ಬ ಮಾರ್ಗದರ್ಶಕರ ಜೊತೆ ಮಾತಾಡುತ್ತೀರಿ. ಇದು ಜೆಸ್ವಿಟ್ ಸಂಘ ಕಟ್ಟಿದ ಸಂತ ಇಗ್ನೇಷಿಯಸ್ ಲೊಯೋಲಾ ಹಾಕಿಕೊಟ್ಟ ದಾರಿ. ಅವರ ಆಧ್ಯಾತ್ಮಿಕ ಸಾಧನೆಗಳ ಕ್ರಮಕ್ಕೆ 1548ರಲ್ಲಿ ಪೋಪ್ ಮೂರನೇ ಪಾಲ್ ಒಪ್ಪಿಗೆ ಕೊಟ್ಟರು; ಅದರ ಪೂರ್ಣರೂಪ ಸುಮಾರು 30 ದಿನದ್ದು. ದುಃಖದಲ್ಲಿರುವವರಿಗೆ ಇದರ ಮೂರು ದಿನದ ರೂಪವೇ ನಮ್ಮ ಮೊದಲ ಆಯ್ಕೆ, ಏಕೆಂದರೆ ಮೌನವೂ ಸಿಗುತ್ತದೆ, ಕೇಳುವ ಕಿವಿಯೂ ಸಿಗುತ್ತದೆ. ಮೂರನೆಯದು ಮಠದ ಅತಿಥಿಗೃಹ. ಬಂದ ಅತಿಥಿಯನ್ನು ಕ್ರಿಸ್ತನನ್ನೇ ಬರಮಾಡಿಕೊಂಡಂತೆ ಬರಮಾಡಿಕೊಳ್ಳಬೇಕೆಂದು ಮಠವಾಸಿಗಳಿಗಾಗಿ ಬರೆದ ಸಂತ ಬೆನೆಡಿಕ್ಟರ ನಿಯಮದ 53ನೇ ಅಧ್ಯಾಯ ಹೇಳುತ್ತದೆ. ಅಲ್ಲಿ ಯಾರೂ ಏನೂ ಕೇಳುವುದಿಲ್ಲ, ಬೈಬಲ್ಲಿನ ಕೀರ್ತನೆಗಳನ್ನು, ಅಂದರೆ ಹಾಡಿನ ರೂಪದ ಪ್ರಾರ್ಥನೆಗಳನ್ನು, ಮಠದವರು ಹೇಳುವಲ್ಲಿಗೆ ಹೋಗಿ ಹಿಂದೆ ಕೂತರಾಯಿತು. ಸ್ವಂತ ಪ್ರಾರ್ಥನೆ ಬಾಯಿಗೆ ಬಾರದ ದಿನಗಳಲ್ಲಿ ಇದು ದೊಡ್ಡ ಉಪಕಾರ.

ಜಾಗ ಕಾಯ್ದಿರಿಸುವ ಮುಂಚೆ ಫೋನ್ ಮಾಡಿ ನೇರವಾಗಿ ಕೇಳಿ: ದಿನಕ್ಕೊಮ್ಮೆ ಮಾತಾಡಲು ಯಾರಾದರೂ ಸಿಗುತ್ತಾರಾ, ಅವರು ತರಬೇತಿ ಪಡೆದವರಾ? ಒಂಟಿ ಕೋಣೆ ಇದೆಯಾ? ಯಾವುದಾದರೂ ಕಾರ್ಯಕ್ರಮಕ್ಕೆ ಬರದೆ ಮಲಗಿದರೆ ನಡೆಯುತ್ತದಾ? ಊಟದ ಹೊತ್ತು ಎಷ್ಟಕ್ಕೆ, ಔಷಧ ತೆಗೆದುಕೊಳ್ಳುವವರಿಗೆ ನಡುವೆ ಏನಾದರೂ ಸಿಗುತ್ತದಾ? ಖರ್ಚು ನಿಗದಿಯಾಗಿದೆಯಾ, ಕಾಣಿಕೆಯಾ? ‘ಇತ್ತೀಚೆಗೆ ನಮ್ಮ ಮನೆಯಲ್ಲಿ ಸಾವಾಗಿದೆ’ ಎಂದು ಹೇಳಿ, ಆ ಕಡೆಯವರು ಹೇಗೆ ಉತ್ತರಿಸುತ್ತಾರೆ ಗಮನಿಸಿ. ತಕ್ಷಣ ಸಮಾಧಾನದ ಭಾಷಣ ಶುರುವಾದರೆ ಬೇರೆ ಕಡೆ ವಿಚಾರಿಸಿ. ಯಾರು ಹೋದದ್ದು, ಯಾವಾಗ ಎಂದು ಕೇಳಿದರೆ ಅದು ಒಳ್ಳೆಯ ಲಕ್ಷಣ.

ಸಭೆಯ, ಅಂದರೆ ಚರ್ಚ್ ಪಂಗಡದ, ವ್ಯತ್ಯಾಸವನ್ನೂ ತಿಳಿದಿರಿ. ಕಥೋಲಿಕರು ತೀರಿಕೊಂಡವರಿಗಾಗಿ ಬಲಿಪೂಜೆ (ಮಾಸ್) ಒಪ್ಪಿಸುತ್ತಾರೆ, ನವೆಂಬರ್ 2ರಂದು ಸಕಲ ಮೃತರನ್ನು ಸ್ಮರಿಸುತ್ತಾರೆ. ಹೆಚ್ಚಿನ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಮೃತರಿಗಾಗಿ ಪ್ರಾರ್ಥಿಸುವ ರೂಢಿ ಇಲ್ಲ. ಅವರ ಬದುಕಿಗಾಗಿ ಕೃತಜ್ಞತೆ ಹೇಳಿ ದೇವರ ಕೈಗೆ ಒಪ್ಪಿಸುತ್ತಾರೆ. ಬೇರೆ ಸಭೆಯ ಕೇಂದ್ರಕ್ಕೆ ಹೋಗುವವರು ಇದನ್ನು ಅಲ್ಲಿ ಹೋಗಿ ಕಂಡುಕೊಂಡು ನೊಂದುಕೊಳ್ಳುವುದು ಬೇಡ.

ಚೀಲದಲ್ಲಿ ಏನಿರಬೇಕು

ಕಾಗದದ ಬೈಬಲ್, ಗೆರೆ ಹಾಕಿದ ಒಂದು ನೋಟ್‌ಬುಕ್, ಎರಡು ಪೆನ್ನು, ಒಂದು ಲಕೋಟೆ, ನಡೆಯಲು ಆಗುವ ಚಪ್ಪಲಿ ಅಥವಾ ಶೂ, ನಾಲ್ಕು ಕರವಸ್ತ್ರ, ಇರುವ ದಿನಗಳಿಗಿಂತ ಎರಡು ದಿನ ಹೆಚ್ಚಿನ ಔಷಧ. ಚಿಕ್ಕ ಅಲಾರಂ ಗಡಿಯಾರ ಮರೆಯಬೇಡಿ. ಗಡಿಯಾರ ಇಲ್ಲದಿದ್ದರೆ ಹೊತ್ತು ನೋಡಲು ಫೋನು ತೆಗೆಯುತ್ತೀರಿ, ತೆಗೆದ ಕೈ ಗ್ಯಾಲರಿಗೆ ಹೋಗುತ್ತದೆ, ಹಳೆಯ ವಾಯ್ಸ್ ಮೆಸೇಜಿಗೆ ಹೋಗುತ್ತದೆ, ಮುಕ್ಕಾಲು ಗಂಟೆ ಹೋಗಿರುತ್ತದೆ. ತೀರಿಕೊಂಡವರ ಫೋಟೋ ಒಂದೇ ಒಂದು, ಅಚ್ಚು ಹಾಕಿಸಿದ್ದು, ಲಕೋಟೆಯೊಳಗೆ ಇರಲಿ. ಸಮಾಧಾನದ ಪುಸ್ತಕಗಳ ಗಂಟು ಬೇಡ. ದುಃಖದ ಬಗ್ಗೆ ಓದುತ್ತ ಕೂರುವುದು ದುಃಖದಿಂದ ತಪ್ಪಿಸಿಕೊಳ್ಳುವ ಅತ್ಯಂತ ಸಭ್ಯ ಉಪಾಯ.

ಮನೆಯವರಲ್ಲಿ ಇಬ್ಬರಿಗೆ ಕೇಂದ್ರದ ಫೋನ್ ನಂಬರ್ ಕೊಟ್ಟು, ‘ತುರ್ತಿದ್ದರೆ ಇಲ್ಲಿಗೆ ಮಾಡಿ, ನನಗಲ್ಲ’ ಎನ್ನಿ. ಹೊರಡುವ ಹಿಂದಿನ ರಾತ್ರಿ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ದೇವರಿಂದ ಏನು ಬೇಕು ಎಂದು ಒಂದೇ ಸಾಲು ಬರೆಯಿರಿ. ‘ದುಃಖ ಹೋಗಬೇಕು’ ಎಂದು ಬರೆದರೆ ಮೂರು ದಿನವೂ ಹೋಯಿತಾ, ಇನ್ನೂ ಇದೆಯಾ ಎಂದು ಅಳೆಯುತ್ತಲೇ ಇರುತ್ತೀರಿ. ‘ಅವಳ ಕೊನೆಯ ವಾರವನ್ನು ಹೆದರದೆ ನೆನೆಯುವ ಹಾಗಾಗಲಿ’ ಎಂಬಷ್ಟು ಚಿಕ್ಕದಾಗಿ ಕೇಳಿ.

ಮೊದಲ ಸಂಜೆ: ಊಟ, ನಿದ್ರೆ

ಬೈಬಲ್ಲಿನ ಪ್ರವಾದಿ ಎಲೀಯ ಜೀವ ಸಾಕೆಂದು ಮುಳ್ಳುಪೊದೆಯಡಿ ಬಿದ್ದುಕೊಂಡಾಗ ದೇವದೂತ ಬೋಧನೆ ಮಾಡಲಿಲ್ಲ. ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ಮತ್ತೆ ಮಲಗಲು ಬಿಟ್ಟ. ಮತ್ತೆ ಎಬ್ಬಿಸಿ ಊಟ ಕೊಟ್ಟ. ಹೋರೇಬ್ ಬೆಟ್ಟ, ಅಲ್ಲಿನ ಮೆಲುದನಿ ಎಲ್ಲ 40 ದಿನ ನಡೆದ ಮೇಲಿನ ಮಾತು (1 ಅರಸುಗಳು 19). ಹಾಗಾಗಿ ಮೊದಲ ಸಂಜೆ ಪ್ರಾರ್ಥನೆಯ ಸಾಹಸ ಬೇಡ. ಕೋಣೆ ನೋಡಿ, ಹಾಸಿಗೆ ಸರಿಮಾಡಿ, ಆವರಣದಲ್ಲಿ ಒಂದು ಸುತ್ತು ನಡೆದು, ಪೂರ್ತಿ ಊಟ ಮಾಡಿ. ಫೋನನ್ನು ಆಫ್ ಮಾಡಿ ಆಫೀಸಿನಲ್ಲಿ ಕೊಡಿ. ಫೋಟೋ ಲಕೋಟೆಯಲ್ಲೇ ಇರಲಿ. ಆ ಎಲೀಯನ ಕಥೆಯನ್ನೇ ಒಮ್ಮೆ ಓದಿ ದೀಪ ಆರಿಸಿ. ಮರುದಿನ ಬೆಳಗ್ಗೆ ಹತ್ತರವರೆಗೆ ನಿದ್ರೆ ಹಿಡಿದರೆ ಅದೂ ಆಗಲಿ. ತಿಂಗಳುಗಟ್ಟಲೆ ಬಾಕಿ ಉಳಿದ ನಿದ್ರೆ ಅದು.

ಒಂದು ಪ್ರಾರ್ಥನೆಯ ಹೊತ್ತು ಹೇಗಿರಬೇಕು

ದಿನಕ್ಕೆ ಮೂರು ಸಲ, 40 ನಿಮಿಷದ ಪ್ರಾರ್ಥನೆ: ಬೆಳಗ್ಗೆ ಒಂದು, ಊಟಕ್ಕೆ ಮುಂಚೆ ಒಂದು, ಸಂಜೆ ಒಂದು. ರಾತ್ರಿ ಭಾರವಾದದ್ದೇನೂ ಬೇಡ. ಪ್ರತಿ ಸಲವೂ ಒಂದೇ ಕುರ್ಚಿ, ಒಂದೇ ಮೂಲೆ.

1. ಗಡಿಯಾರಕ್ಕೆ ಅಲಾರಂ ಇಟ್ಟು ತಿರುಗಿಸಿಡಿ. ಕುರ್ಚಿಯ ಮುಂದೆ ಅರ್ಧ ನಿಮಿಷ ನಿಂತು, ದೇವರು ನನ್ನನ್ನು ನೋಡುತ್ತಿದ್ದಾರೆ ಎಂಬುದನ್ನಷ್ಟೇ ನೆನೆಯಿರಿ.

2. ಮೊದಲ ಪುಟದ ಆ ಒಂದು ಸಾಲನ್ನು ಕೇಳಿಕೊಳ್ಳಿ.

3. ಬೈಬಲ್ ಭಾಗವನ್ನು ಒಮ್ಮೆ ಮನಸ್ಸಿನಲ್ಲಿ, ಇನ್ನೊಮ್ಮೆ ನಿಮಗೆ ಕೇಳುವಷ್ಟು ದನಿಯಲ್ಲಿ ಓದಿ. ಸಾಮಾನ್ಯವಾಗಿ ಹತ್ತು ಹನ್ನೆರಡು ವಚನ ಸಾಕು. ಯಾವ ಪದ ಚುಚ್ಚಿತೋ ಅಲ್ಲೇ ನಿಲ್ಲಿ, ಮುಂದೆ ಓಡಬೇಡಿ.

4. ಕೊನೆಯ ಐದು ನಿಮಿಷ ಯೇಸುವಿನ ಜೊತೆ ನಿಮ್ಮ ಮನೆಮಾತಿನಲ್ಲಿ ಮಾತಾಡಿ, ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಹೇಳಿ ಎದ್ದೇಳಿ.

5. ಬೇರೆ ಜಾಗದಲ್ಲಿ ಕೂತು ಹತ್ತು ನಿಮಿಷ: ಎಲ್ಲಿ ಮನಸ್ಸು ಅರಳಿತು, ಎಲ್ಲಿ ಒಣಗಿತು, ಎಲ್ಲಿಂದ ಓಡಿಹೋಯಿತು ಎಂದು ಮೂರು ಸಾಲು ಬರೆಯಿರಿ. ಮಾರ್ಗದರ್ಶಕರ ಹತ್ತಿರ ಹೋಗುವಾಗ ಈ ಮೂರು ಸಾಲೇ ಬೇಕಾದದ್ದು.

ಪ್ರಾರ್ಥನೆ ಒಣಗಿದ ದಿನ ನಿಗದಿತ ಹೊತ್ತಿಗಿಂತ ಸ್ವಲ್ಪ ಹೆಚ್ಚೇ ಕೂರಬೇಕೆಂಬುದು ಇಗ್ನೇಷಿಯಸರ ಸಲಹೆ. ಬೇಸರಕ್ಕೆ ಅದು ಸರಿಯಾದ ಮದ್ದು. ಹೊಸ ಶೋಕಕ್ಕೆ ಅದನ್ನು ಹಾಗೇ ಅನ್ವಯಿಸಬೇಡಿ: ಬಿಕ್ಕಿ ಬಿಕ್ಕಿ ಅಳು ಬಂದು 20 ನಿಮಿಷ ಕಳೆದರೂ ಉಸಿರು ಹತೋಟಿಗೆ ಬಾರದಿದ್ದರೆ ಎದ್ದು ನೀರು ಕುಡಿದು, ಹೊರಗೆ ನಡೆದು, ಆ ಹೊತ್ತನ್ನು ಅಲ್ಲಿಗೆ ಮುಗಿಸಿ. ಸಂಜೆ ಅದೇ ಭಾಗಕ್ಕೆ ಮರಳಬಹುದು.

ಎರಡನೇ ದಿನ: ದೂರು ಕೊಡುವ ದಿನ

ಇಲ್ಲಿ ಆತುರ ಬೇಡ. ರಿಟ್ರೀಟ್ ಹಾಳಾಗುವುದು ಹೆಚ್ಚಾಗಿ ಈ ದಿನವನ್ನು ಹಾರಿಸಿ ಸೀದಾ ಸಮಾಧಾನದ ವಚನಗಳಿಗೆ ಹೋದಾಗ. ‘ನಿರೀಕ್ಷೆ ಇಲ್ಲದವರಂತೆ ದುಃಖಿಸಬೇಡಿ’ ಎಂಬ 1 ಥೆಸಲೋನಿಕ 4:13ರ ಮಾತನ್ನು ‘ದುಃಖಿಸಲೇಬೇಡಿ’ ಎಂದು ಓದಿದವರು ಅಳುವುದಕ್ಕೇ ನಾಚುತ್ತಾರೆ. ಅತ್ತ 150 ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಪಾಲು ಗೋಳಿನವೇ.

ಬೆಳಗ್ಗೆ 13ನೇ ಕೀರ್ತನೆ. ಆರೇ ವಚನ, ಮೊದಲ ಎರಡರಲ್ಲೇ ‘ಎಲ್ಲಿಯವರೆಗೆ’ ಎಂದು ನಾಲ್ಕು ಸಲ ಕೇಳುತ್ತದೆ. ಊಟಕ್ಕೆ ಮುಂಚೆ 88ನೇ ಕೀರ್ತನೆ. ಬೇರೆ ಗೋಳಿನ ಕೀರ್ತನೆಗಳಲ್ಲಿ ಹೆಚ್ಚಿನವು ಕೊನೆಗೆ ಎಲ್ಲೋ ಒಂದು ಕಡೆ ಸ್ತೋತ್ರಕ್ಕೆ ತಿರುಗುತ್ತವೆ. ಇದು ತಿರುಗುವುದಿಲ್ಲ, ಕತ್ತಲಲ್ಲೇ ಮುಗಿಯುತ್ತದೆ. ಹಾಗೆ ಮುಗಿದ ಪ್ರಾರ್ಥನೆಯನ್ನೂ ಬೈಬಲ್ಲು ತೆಗೆದುಹಾಕದೆ ಇಟ್ಟುಕೊಂಡಿದೆ.

ಆಮೇಲೆ ನಿಮ್ಮ ಸ್ವಂತ ಕೀರ್ತನೆ ಬರೆಯಿರಿ, ಐದು ಭಾಗದಲ್ಲಿ: ದೇವರನ್ನು ಕರೆಯುವುದು, ದೂರು, ಬೇಡಿಕೆ, ದೇವರು ಹಿಂದೆ ಮಾಡಿದ್ದರ ನೆನಪು, ಭರವಸೆ. ದೂರಿನ ಭಾಗ ಉಳಿದ ನಾಲ್ಕಕ್ಕಿಂತ ಉದ್ದವಾಗಿರಲಿ, ಸಭ್ಯವಾಗಿರಬೇಕಾಗಿಲ್ಲ. ಭರವಸೆಯ ಸಾಲು ಬರದಿದ್ದರೆ ಬಲವಂತವಾಗಿ ಬರೆಯಬೇಡಿ. ಒಂದು ಗೆರೆ ಎಳೆದು ಖಾಲಿ ಬಿಡಿ. 88ನೇ ಕೀರ್ತನೆಯ ಸಾಕ್ಷಿ ಇದೆಯಲ್ಲ.

ಐದು ಭಾಗವೂ ಕಷ್ಟ, ಪೆನ್ನೇ ಓಡುತ್ತಿಲ್ಲ ಅನ್ನುವವರಿಗೆ ಇನ್ನೊಂದು ದಾರಿ. ಬೈಬಲ್ಲಿನ ಪ್ರಲಾಪಗಳ ಪುಸ್ತಕದ ಮೊದಲ ನಾಲ್ಕು ಅಧ್ಯಾಯ ಹೀಬ್ರೂವಿನ 22 ಅಕ್ಷರಗಳ ಸಾಲಿನಲ್ಲೇ ಸಾಗುತ್ತವೆ. ಯೆರೂಸಲೇಮ್ ಊರು ಸುಟ್ಟುಹೋದ ಗೋಳನ್ನು ವರ್ಣಮಾಲೆಯ ಅಂಚಿನೊಳಗೆ ಕೂರಿಸಿದ್ದಾರೆ. ನೀವು ನಮ್ಮ ಸ್ವರಗಳನ್ನು ಹಿಡಿಯಿರಿ. ಪುಟದ ಎಡಗಡೆ ಮೇಲಿಂದ ಕೆಳಗೆ ಅ, ಆ, ಇ, ಈ ಎಂದು ಔ ತನಕ 13 ಅಕ್ಷರ ಬರೆದು, ಒಂದೊಂದರ ಎದುರೂ ಆ ಅಕ್ಷರದಿಂದ ಶುರುವಾಗುವ ಒಂದು ಸಾಲು. ‘ಅಡುಗೆಮನೆಯಲ್ಲಿ ನಿನ್ನ ಲೋಟ ಹಾಗೇ ಇದೆ.’ ‘ಆ ರಾತ್ರಿ ನಾನು ಯಾಕೆ ಮಲಗಿಬಿಟ್ಟೆ?’ ‘ಇವತ್ತಿಗೂ ಗೇಟು ಸದ್ದಾದರೆ ತಿರುಗಿ ನೋಡುತ್ತೇನೆ.’ ಊ ದಾಟುವವರೆಗೆ ಕೈ ಸಲೀಸಾಗಿ ಓಡುತ್ತದೆ. ಋ ಬಂದಾಗ ನಿಲ್ಲುತ್ತದೆ. ಋಷಿ, ಋತುಗಳನ್ನು ಹುಡುಕಾಡಿ ಕೊನೆಗೆ ಮನಸ್ಸು ಋಣ ಅನ್ನುವ ಪದಕ್ಕೇ ಬಂದು ಕೂರುತ್ತದೆ, ಮತ್ತು ಇಡೀ ಪುಟದ ನಿಜವಾದ ಸಾಲು ಹಲವು ಸಲ ಅದೇ ಆಗಿರುತ್ತದೆ. ಅದಕ್ಕೆ ಗುರುತು ಹಾಕಿಡಿ, ನಾಳೆ ಬೇಕು. ಔ ಹೊಳೆಯದಿದ್ದರೆ ಚಿಂತೆಯಿಲ್ಲ. ಔಷಧದ ನೆನಪು ಬಾರದ ಮನೆಗಳು ಕಡಿಮೆ.

ಅದೇ ದಿನ ಊಟದ ಹೊತ್ತಿನ ಆಚೀಚೆ ಒಂದು ಜಡ ಬಂದು ಕವಿಯುತ್ತದೆ. ಹೊತ್ತು ಹೋಗುವುದಿಲ್ಲ, ಜಾಗ ಹಿಡಿಸುವುದಿಲ್ಲ, ಮನೆಯಲ್ಲಿ ಏನೋ ತುರ್ತು ಇದೆ ಅನ್ನಿಸುತ್ತದೆ. ನಾಲ್ಕನೇ ಶತಮಾನದಲ್ಲಿ ಮರುಭೂಮಿಯ ಸನ್ಯಾಸಿ ಎವಾಗ್ರಿಯಸ್ ಇದನ್ನು ಮಧ್ಯಾಹ್ನದ ದೆವ್ವ ಎಂದು ಕರೆದು, ಅದು ಬಂದಾಗ ಸೂರ್ಯ ನಿಂತಲ್ಲೇ ನಿಂತಂತೆ, ದಿನಕ್ಕೆ 50 ಗಂಟೆ ಇದ್ದಂತೆ ತೋರುತ್ತದೆ ಎಂದು ಬರೆದಿದ್ದಾರೆ. ಚೀಲ ಕಟ್ಟುವವರು ಕಟ್ಟುವುದು ಈ ಹೊತ್ತಿಗೇ. ಆಗ ಕೈಗೆ ಕೆಲಸ ಕೊಡಿ: ಬಟ್ಟೆ ಒಗೆಯಿರಿ, ತೋಟದಲ್ಲಿ ಎಲೆ ಗುಡಿಸಲು ಆಗುತ್ತದಾ ಕೇಳಿ, ಅರ್ಧ ಗಂಟೆ ನಡೆಯಿರಿ. ಹೊರಡುವ ತೀರ್ಮಾನ ಮಾಡುವುದಿದ್ದರೂ ಮರುದಿನ ತಿಂಡಿಯ ನಂತರವೇ ಮಾಡಿ.

ಮೂರನೇ ದಿನ: ಬಿಡಿಸಿ ಬೇರೆ ಮಾಡುವುದು, ಪತ್ರ ಬರೆಯುವುದು

ಬೆಳಗ್ಗೆ ಯೋಹಾನ 11. ಲಾಜರ ಸತ್ತು ನಾಲ್ಕು ದಿನ. ಮಾರ್ತ ಬಂದು ಹೇಳುತ್ತಾಳೆ: ನೀವು ಇಲ್ಲಿದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ. 21ನೇ ವಚನ. ಅವಳ ಸಹೋದರಿ ಮರಿಯ ಬಂದು ಅದೇ ಮಾತು ಹೇಳುತ್ತಾಳೆ. 32ನೇ ವಚನ. ಒಂದೇ ಆಕ್ಷೇಪಣೆ, ಎರಡು ಉತ್ತರ: ಮಾರ್ತಳಿಗೆ ಯೇಸು ಪುನರುತ್ಥಾನದ ಮಾತು ಹೇಳುತ್ತಾರೆ, ಮರಿಯಳ ಎದುರು ಅಳುತ್ತಾರೆ. ಈ ಹೊತ್ತು ನಿಮಗೆ ಎರಡರಲ್ಲಿ ಯಾವುದು ಬೇಕು ಎಂದು ಕೇಳಿಕೊಳ್ಳಿ, ನಿಮ್ಮ ಆಕ್ಷೇಪಣೆಯನ್ನು ಅದೇ ಪದಗಳಲ್ಲಿ ಹೇಳಿ, ಸುಮ್ಮನಿರಿ.

ಊಟಕ್ಕೆ ಮುಂಚಿನ ಹೊತ್ತು ನೋಟ್‌ಬುಕ್ಕಿನ ಕೆಲಸ. ನಿನ್ನೆಯ ಋಣದ ಸಾಲಿನಿಂದ ಶುರುಮಾಡಿ, ಮನಸ್ಸಲ್ಲಿ ಕೊರೆಯುವುದನ್ನೆಲ್ಲ ಮೂರು ಪಟ್ಟಿಗೆ ಹಾಕಿ. ಮೊದಲನೆಯದು ನಿಜವಾದ ತಪ್ಪು: ಸುಳ್ಳು ಹೇಳಿದ್ದು, ಬೇಕೆಂದೇ ನೋಯಿಸಿದ್ದು, ವರ್ಷಗಟ್ಟಲೆ ಮಾತು ಬಿಟ್ಟದ್ದು. ಇದಕ್ಕೆ ಪಾದ್ರಿಯ ಮುಂದೆ ತಪ್ಪೊಪ್ಪಿಕೊಳ್ಳುವ ಪಾಪನಿವೇದನೆ ಇದೆ; ಆ ಸಂಸ್ಕಾರ ಇಲ್ಲದ ಸಭೆಯವರು ಪಾಸ್ಟರ ಮುಂದೆ ಬಾಯಿಬಿಟ್ಟು ಹೇಳಿ ಕ್ಷಮೆಯ ವಾಕ್ಯ ಕೇಳಿಸಿಕೊಳ್ಳಬಹುದು. ಎರಡನೆಯದು ಹಳಹಳಿ: ಇನ್ನೊಬ್ಬ ಡಾಕ್ಟರಿಗೆ ತೋರಿಸಬೇಕಿತ್ತು, ಕೊನೆಯ ಕರೆ ಎತ್ತಬೇಕಿತ್ತು. ಆಗ ಗೊತ್ತಿಲ್ಲದ್ದನ್ನು ಈಗ ಗೊತ್ತಿರುವ ಬುದ್ಧಿಯಿಂದ ಅಳೆಯುತ್ತಿದ್ದೀರಿ. ಇದನ್ನು ಪಾಪವೆಂದು ಎಷ್ಟು ಸಲ ನಿವೇದಿಸಿದರೂ ಶಾಂತಿ ಸಿಗುವುದಿಲ್ಲ, ಯಾಕೆಂದರೆ ಕ್ಷಮಿಸಲು ಅಲ್ಲಿ ತಪ್ಪೇ ಇಲ್ಲ. ಅದಕ್ಕೆ ಅಳು ಬೇಕು. ಮೂರನೆಯದು ಅವರು ನಿಮಗೆ ಮಾಡಿದ್ದು. ತೀರಿಕೊಂಡವರ ಮೇಲೆ ಸಿಟ್ಟಿರಬಾರದು ಎಂಬ ನಾಚಿಕೆಯಲ್ಲಿ ಈ ಪಟ್ಟಿಯನ್ನು ಖಾಲಿ ಬಿಟ್ಟವರಿಗೆ ಉಳಿದೆರಡೂ ಇತ್ಯರ್ಥವಾಗುವುದು ಕಷ್ಟ.

ಸಂಜೆ ಪತ್ರ. ಈಗ ಫೋಟೋ ಹೊರಗೆ ತೆಗೆಯಿರಿ. 45 ನಿಮಿಷ, ಒಂದೇ ಕೂರಿಕೆಯಲ್ಲಿ. ನೀವು ಅವರನ್ನು ಕರೆಯುತ್ತಿದ್ದ ಹೆಸರಿನಿಂದಲೇ ಶುರುಮಾಡಿ: ಅಪ್ಪಾ, ಪುಟ್ಟಿ, ರೀ, ಏನಿತ್ತೋ ಅದು. ನಾಲ್ಕು ವಿಷಯ ಬರಲೇಬೇಕು: ಇದಕ್ಕೆ ಋಣಿ, ಇದಕ್ಕೆ ಕ್ಷಮಿಸು, ಇದನ್ನು ನಾನು ಕ್ಷಮಿಸುತ್ತೇನೆ ಅಥವಾ ಕ್ಷಮಿಸಲು ಇನ್ನೂ ಆಗುತ್ತಿಲ್ಲ, ನಿನ್ನನ್ನು ದೇವರ ಕೈಗೆ ಒಪ್ಪಿಸುತ್ತೇನೆ. ಕೆಲವರು ತೀರಿಕೊಂಡವರ ಪರವಾಗಿ ಉತ್ತರವನ್ನೂ ಬರೆಸುತ್ತಾರೆ. ನಮಗೆ ಅದು ಒಪ್ಪಿಗೆಯಿಲ್ಲ. ಬೇಕಾದದ್ದನ್ನು ಅವರ ಬಾಯಲ್ಲಿ ಹೇಳಿಸಿಕೊಂಡು ನಾಳೆ ಅದನ್ನೇ ಅನುಮಾನಿಸುತ್ತೀರಿ. ಪತ್ರ ಮುಗಿಸಿ ಶಿಲುಬೆಯ ಮುಂದೆ ಸುಮ್ಮನೆ ಕೂರುವುದು ಮೇಲು. ಪತ್ರವನ್ನು ಅದೇ ರಾತ್ರಿ ಸುಡಬೇಡಿ. ಲಕೋಟೆಯಲ್ಲಿಟ್ಟು ಒಂದು ರಾತ್ರಿ ಕಳೆಯಲಿ. ಬೆಳಗ್ಗೆ ಬೇಕಾದರೆ ಪೀಠದ ಬಳಿ ಇಟ್ಟು ಪ್ರಾರ್ಥಿಸಿ, ಸಮಾಧಿಗೆ ಒಯ್ಯಿರಿ, ಅಥವಾ ಕೇಂದ್ರದವರನ್ನು ಕೇಳಿ ಅವರು ತೋರಿಸಿದ ಜಾಗದಲ್ಲಿ ಸುಡಿ. ಕೋಣೆಯೊಳಗೆ ಬೆಂಕಿ ಹಚ್ಚಿ ಹೊಗೆ ಎಬ್ಬಿಸುವವರೂ ಇದ್ದಾರೆ, ಅದಕ್ಕೆ ಈ ಮಾತು.

ಆತ್ಮಹತ್ಯೆಯಲ್ಲಿ ಆಪ್ತರನ್ನು ಕಳೆದುಕೊಂಡವರಿಗೆ ‘ಅವರ ಗತಿ ಏನು’ ಎಂಬ ಪ್ರಶ್ನೆಯೇ ದೊಡ್ಡದು. ಅಂಥವರ ನಿತ್ಯರಕ್ಷಣೆಯ ಬಗ್ಗೆ ನಿರಾಶರಾಗಬಾರದು ಎಂದು ಕಥೋಲಿಕ ಸಭೆಯ ಬೋಧನೆಗಳ ಅಧಿಕೃತ ಗ್ರಂಥವಾದ ಧರ್ಮೋಪದೇಶದ 2283ನೇ ಕಂಡಿಕೆ ಸ್ಪಷ್ಟವಾಗಿ ಹೇಳುತ್ತದೆ. ಹುಟ್ಟುವ ಮುಂಚೆಯೇ ಕಳೆದುಕೊಂಡ ಮಗುವಿಗೆ ಹೆಸರಿಟ್ಟಿರದಿದ್ದರೆ ಈ ಪತ್ರದಲ್ಲಿ ಇಡಬಹುದು.

ಅಳು ಬರದಿದ್ದರೆ, ನಗು ಬಂದರೆ

ಮೂರು ದಿನವೂ ಒಂದು ಹನಿ ಕಣ್ಣೀರು ಬಾರದೆ ಇರುವುದುಂಟು. ಸಂತ ಅಗಸ್ಟೀನರ ತಾಯಿ ಮೋನಿಕಾ 387ರಲ್ಲಿ ಓಸ್ತಿಯಾದಲ್ಲಿ ತೀರಿಕೊಂಡಾಗ ಅವರು ಅಳು ತಡೆದುಕೊಂಡರು, ಸಮಾಧಿ ಮುಗಿಸಿ ಬಂದರು, ಸ್ನಾನ ಮಾಡಿದರೆ ಸಂಕಟ ಹೋಗುತ್ತದೆಂದು ಕೇಳಿ ಸ್ನಾನವನ್ನೂ ಮಾಡಿದರು. ಏನೂ ಆಗಲಿಲ್ಲ. ಮಲಗಿ ಎದ್ದ ಮೇಲೆ, ಒಬ್ಬರೇ ಹಾಸಿಗೆಯಲ್ಲಿದ್ದಾಗ, ಅಳು ಬಂತು. ಅದಕ್ಕೆ ಗಂಟೆ ಗೊತ್ತುಮಾಡಲು ಆಗುವುದಿಲ್ಲ. ಊಟದ ಮನೆಯಲ್ಲಿ ಏನೋ ಕಂಡು ನಗು ಉಕ್ಕಿ ಬಂದರೆ ಅದೂ ದ್ರೋಹವಲ್ಲ. ಸ್ಟ್ರೋಬ್ ಮತ್ತು ಸ್ಕುಟ್ ಎಂಬ ಸಂಶೋಧಕರು 1999ರಲ್ಲಿ ಹೇಳಿದ ಹಾಗೆ, ಶೋಕದಲ್ಲಿರುವ ಮನಸ್ಸು ನಷ್ಟದ ಕಡೆಗೂ ಬದುಕಿನ ಕಡೆಗೂ ಉಯ್ಯಾಲೆಯಂತೆ ಹೋಗಿಬರುತ್ತದೆ. ಶೋಕದ ಐದು ಹಂತಗಳ (ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಗೆ) ಪಟ್ಟಿ ಹಿಡಿದು ‘ನಾನು ಎಷ್ಟನೆಯದರಲ್ಲಿದ್ದೇನೆ’ ಎಂದು ಹುಡುಕುವುದನ್ನು ಬಿಡಿ. ಮನೋವೈದ್ಯೆ ಎಲಿಜಬೆತ್ ಕ್ಯೂಬ್ಲರ್ ರಾಸ್ 1969ರಲ್ಲಿ ಆ ಹಂತಗಳನ್ನು ಗುರುತಿಸಿದ್ದು ಸಾವಿನಂಚಿನ ರೋಗಿಗಳಲ್ಲಿ, ಉಳಿದುಕೊಂಡವರಲ್ಲಿ ಅಲ್ಲ.

ಹರಕೆ ಹೊರಬೇಡಿ. ಮನೆ ಮಾರುವುದು, ಕೆಲಸ ಬಿಡುವುದು, ಮಠ ಸೇರುವುದು, ಮರುಮದುವೆ, ಯಾವುದನ್ನೂ ಅಲ್ಲಿ ತೀರ್ಮಾನಿಸಬೇಡಿ. ಮನಸ್ಸು ಕತ್ತಲಲ್ಲಿರುವಾಗ ಹಿಂದಿನ ನಿರ್ಧಾರ ಬದಲಿಸಬಾರದೆಂಬುದು ಇಗ್ನೇಷಿಯಸರ ಖಡಾಖಂಡಿತ ನಿಯಮ.

ಮಾರ್ಗದರ್ಶಕರ ವಿಷಯದಲ್ಲೂ ಕಣ್ಣು ತೆರೆದಿರಲಿ. ಈ ಸಾವು ನಿಮ್ಮ ಪಾಪಕ್ಕೆ ಶಿಕ್ಷೆ ಎಂದವರು, ತೀರಿಕೊಂಡವರ ಸಂದೇಶ ತಂದಿದ್ದೇನೆ ಎಂದವರು, ಕೇಳದೆ ಮೈಮುಟ್ಟಿ ಪ್ರಾರ್ಥಿಸುವವರು, ವಿಶೇಷ ಪ್ರಾರ್ಥನೆಗೆ ಹಣ ಕೇಳುವವರು, ಇವರ ಹತ್ತಿರ ಎರಡನೇ ಸಲ ಹೋಗುವ ಅಗತ್ಯವಿಲ್ಲ. ‘ಇವತ್ತು ಮಾತಾಡಲು ಆಗುವುದಿಲ್ಲ’ ಎಂದು ಹೇಳಿ ಎದ್ದು ಬನ್ನಿ, ಮುಖ್ಯಸ್ಥರಿಗೆ ತಿಳಿಸಿ. ಒಳ್ಳೆಯ ಮಾರ್ಗದರ್ಶಕರು ಕಡಿಮೆ ಮಾತಾಡುತ್ತಾರೆ. ಬೈಬಲ್ಲಿನಲ್ಲಿ ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಸ್ನೇಹಿತರು ಏಳು ದಿನ, ಏಳು ರಾತ್ರಿ ಬಾಯಿ ತೆರೆಯದೆ ಪಕ್ಕದಲ್ಲಿ ಕೂತಿದ್ದರು. ಕೆಲಸ ಕೆಟ್ಟದ್ದು ಮಾತು ಶುರುವಾದ ಮೇಲೆ.

ಕೊನೆಯ ಬೆಳಗ್ಗೆ ಮತ್ತು ಮನೆಯ ದಾರಿ

ಲೂಕ 24ರ ಎಮ್ಮಾವಿನ ದಾರಿ ಓದಿ. 60 ಸ್ತಾದಿ, ಅಂದರೆ ಸುಮಾರು 11 ಕಿಲೋಮೀಟರು. ಯೇಸು ಶಿಲುಬೆಯಲ್ಲಿ ಸತ್ತ ಮೇಲೆ ಹೊರಟ ಇಬ್ಬರು ಶಿಷ್ಯರು, ಜೊತೆಗೂಡಿದವರು ಎದ್ದುಬಂದ ಯೇಸುವೇ ಎಂದು ಗುರುತಿಸದೆ, ‘ನಾವು ನಂಬಿಕೊಂಡಿದ್ದೆವು’ ಎಂದು ಹಳೆಯ ಆಸೆಯನ್ನೇ ಹೇಳಿಕೊಳ್ಳುತ್ತಾರೆ, ಯೇಸು ಪೂರ್ತಿ ಕೇಳಿಸಿಕೊಂಡು ಆಮೇಲೆ ಮಾತಾಡುತ್ತಾರೆ. ರೊಟ್ಟಿ ಮುರಿದಾಗ ಗುರುತು ಸಿಕ್ಕಿ, ಅದೇ ರಾತ್ರಿ ಅದೇ ದಾರಿಯಲ್ಲಿ ತಮ್ಮವರ ಬಳಿಗೆ ಮರಳುತ್ತಾರೆ. ಲಾಜರನ ಸಮಾಧಿಯಲ್ಲೂ ಹಾಗೇ: ಹೊರಗೆ ಕರೆದವರು ಯೇಸು, ಕಟ್ಟು ಬಿಚ್ಚುವ ಕೆಲಸ ಕೊಟ್ಟದ್ದು ಸುತ್ತ ನಿಂತವರಿಗೆ. ಆದ್ದರಿಂದ ಹೊರಡುವ ಮುಂಚೆ ಊರಿನಲ್ಲಿ ನಿಮ್ಮ ಜೊತೆ ಮಾತಾಡುವವರು ಯಾರು ಎಂದು ಒಂದು ಹೆಸರು ಬರೆದುಕೊಳ್ಳಿ. ಮೂರು ನಾಲ್ಕು ವಾರದೊಳಗೆ ಅವರನ್ನು ಕಾಣುವ ದಿನವನ್ನೂ ಗೊತ್ತುಮಾಡಿ.

ಮರಳಿದ ದಿನ ಅರ್ಧ ದಿನವಾದರೂ ಬಿಡುವಿರಲಿ, ಮರುದಿನವೇ ಕೆಲಸಕ್ಕೆ ಓಡಬೇಡಿ. ‘ಹೇಗಿತ್ತು?’ ಎಂದು ಕೇಳಿದವರಿಗೆಲ್ಲ ಪತ್ರದ ವಿಷಯ ಹೇಳಬೇಕಾಗಿಲ್ಲ. ‘ವಿಶ್ರಾಂತಿ ಸಿಕ್ಕಿತು’ ಎಂದರೆ ಸಾಕು. ಬಾಗಿಲು ತೆಗೆದ ಕ್ಷಣ ಖಾಲಿ ಕುರ್ಚಿ ಕಂಡು ಎಲ್ಲ ಮತ್ತೆ ಮೊದಲಿನ ಹಾಗೇ ಅನ್ನಿಸುತ್ತದೆ. ಹಾಗೆ ಅನ್ನಿಸುವುದು ರಿಟ್ರೀಟ್ ಸೋತ ಗುರುತಲ್ಲ, ಮನೆ ಮನೆಯ ಹಾಗೇ ಇದೆ ಅಷ್ಟೆ. ಅವರ ಬಟ್ಟೆಬರೆ, ಕನ್ನಡಕ, ಪುಸ್ತಕಗಳನ್ನು ತೆಗೆದುಹಾಕುವ ಉತ್ಸಾಹ ಆ ವಾರ ಬಂದರೆ ಒಂದು ತಿಂಗಳು ತಡೆಯಿರಿ. ದಿನಕ್ಕೆ 15 ನಿಮಿಷ ಅದೇ ಹೊತ್ತಿಗೆ, ಒಂದೇ ಕುರ್ಚಿಯಲ್ಲಿ ಕೂರುವುದನ್ನು ಉಳಿಸಿಕೊಳ್ಳಿ. ವಾರಕ್ಕೊಂದು ಗೋಳಿನ ಕೀರ್ತನೆ ಓದಿ: 22, 42, 77, 130. ಹುಟ್ಟಿದ ದಿನ, ಮದುವೆಯ ದಿನ, ತೀರಿಕೊಂಡ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಆ ದಿನ ಯಾರ ಜೊತೆ ಇರುತ್ತೀರಿ ಎಂದು ಮುಂಚೆಯೇ ಗೊತ್ತುಮಾಡಿ.

ನೋಟ್‌ಬುಕ್ಕನ್ನು ಒಂದು ತಿಂಗಳು ಮುಚ್ಚಿಡಿ. ಆಮೇಲೆ ತೆಗೆದು, ಎರಡನೇ ದಿನ ಭರವಸೆಯ ಜಾಗದಲ್ಲಿ ಖಾಲಿ ಬಿಟ್ಟ ಗೆರೆಯ ಹತ್ತಿರ ಹೋಗಿ. ಬರೆಯಲು ಏನಾದರೂ ಬಂದರೆ ಬರೆಯಿರಿ. ಬಾರದಿದ್ದರೆ ಪಕ್ಕದಲ್ಲಿ ಆ ದಿನದ ತಾರೀಕು ಹಾಕಿ ಮುಚ್ಚಿಡಿ, ಮುಂದಿನ ತಿಂಗಳು ಮತ್ತೆ ತೆಗೆಯಿರಿ.